ಬಿಷಪ್ಪನ ಕಲ್ಲಿನಲ್ಲಿ ಬಿಟ್ಟ ಜಾಗ

ನನಗೆ ಸಿಟ್ಟು ಬೇಗ ಬರುವುದಿಲ್ಲ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಸುಳ್ಳು. ಬೇಗ ಬರುತ್ತದೆ, ಆದರೆ ಹೋಗುವುದಿಲ್ಲ. ಒಳಗೇ ಒಂದು ಮೂಲೆ ಹಿಡಿದು, ನಾನು ಉಂಡದ್ದರಲ್ಲೇ ಪಾಲು ಉಂಡುಕೊಂಡು ಇರುತ್ತದೆ. ಈಗ ಬರೆಯುತ್ತಿರುವುದು ಅಂಥ ಒಂದು ಸಿಟ್ಟಿನ ವಿಷಯ. ಅದರಲ್ಲಿ ಮುಖ್ಯವಾಗಿ ಮೂವರಿದ್ದೇವೆ: ನಾನು, ನನಗೆ ಕೆಲಸ ಕಲಿಸಿದ ಸರ್, ಮತ್ತೆ ಆರು ನೂರು ವರ್ಷಗಳ ಹಿಂದೆ ಸತ್ತ ಒಬ್ಬ ಜರ್ಮನ್ ಬಿಷಪ್. ಮೂವರಲ್ಲಿ ಒಬ್ಬರೂ ಒಳ್ಳೆಯವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಹಲ್ಲಿನ ಕೆಲಸ ಕಲಿತವಳು. ಡಾಕ್ಟರಲ್ಲ, ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಕಟ್ಟಿಸುವ ಹಲ್ಲಿನ ಸೆಟ್ಟು ಮಾಡುವವಳು. ಮಣಿಪಾಲದಲ್ಲಿ ನನಗೆ ಇದನ್ನು ಕಲಿಸಿದವರು ಉಡುಪಿಯವರೇ ಆದ ಈ ಸರ್. ಬಾಯೊಳಗೆ ಖಾಲಿ ಜಾಗ ಅಂತ ಇರಬಾರದು, ಇದು ಅವರ ಮೊದಲ ಪಾಠ. "ಸಂದು ಕಂಡ್ರೆ ತುಂಬು. ಬಿಟ್ರೆ ಪಕ್ಕದ ಹಲ್ಲು ವಾಲ್ತದೆ," ಎನ್ನುತ್ತಿದ್ದರು. ವಾಲುತ್ತದೆ ಕೂಡ. ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಅವರು ಮಲೇಷ್ಯಾಕ್ಕೆ ಬಂದು ಪೆಟಾಲಿಂಗ್ ಜಯಾದ ಒಂದು ವರ್ಕ್‌ಶಾಪಿನ ಮುಖ್ಯಸ್ಥರಾದರು. ಅಲ್ಲಿ ಮಾಡುವುದು ಹಲ್ಲಲ್ಲ, ಮ್ಯೂಸಿಯಂ, ಮಾಲ್, ಕಾಲೇಜುಗಳಿಗೆ ಬೇಕಾದ ಪ್ರತಿಕೃತಿಗಳು. ಕೆಲಸ ಮಾತ್ರ ಅದೇ: ಅಚ್ಚು ತೆಗೆ, ಮೇಣದಲ್ಲಿ ತಿದ್ದು, ಎರಕ ಹೊಯ್ಯಿ. ಹಲ್ಲಿನ ಬದಲು ಡೈನೋಸಾರಿನ ಮೂಳೆ, ಆಳೆತ್ತರದ ದುರಿಯನ್ ಹಣ್ಣು, ಮೆಡಿಕಲ್ ವಿದ್ಯಾರ್ಥಿಗಳಿಗೆ ಕಿಡ್ನಿ. ನಮ್ಮೂರ ಕಡೆಯ ನಾಲ್ವರು ಹಲ್ಲಿನವರನ್ನು ಅವರೇ ಸೇರಿಸಿಕೊಂಡರು. ನನ್ನ ಗಂಡನಿಗೆ ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಆಗಲೇ ಇತ್ತು. ಅವರ ಜೊತೆ ಬಂದು ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದ ನನಗೆ ಸರ್ ಫೋನ್ ಮಾಡಿ "ಬಾ ಮಾರಾಯ್ತಿ, ಕೈ ತುಕ್ಕು ಹಿಡೀತದೆ" ಎಂದಾಗ ಕಣ್ಣಲ್ಲಿ ನೀರು ಬಂದಿತ್ತು. ಅವರ ಉಪಕಾರವನ್ನು ನಾನು ಇಲ್ಲ ಎನ್ನುವುದಿಲ್ಲ. ಇಲ್ಲ ಎನ್ನಲಾಗುವುದಿಲ್ಲ ಎಂಬುದೇ ನನ್ನ ಹೊಟ್ಟೆಯುರಿಗೆ ಇನ್ನಷ್ಟು ತುಪ್ಪ ಸುರಿಯಿತು.

ಬಿಷಪ್ ಬಂದದ್ದು ಕಂಪ್ಯೂಟರಿನೊಳಗೆ. ಕೌಲಾಲಂಪುರದಲ್ಲಿ ಹಳೇ ಯುರೋಪಿನ ಸಮಾಧಿಗಳ ಕುರಿತು ಒಂದು ಪ್ರದರ್ಶನ ಮಾಡುವುದೆಂದು ಗೊತ್ತಾಗಿತ್ತು. ಅದರ ಉಸ್ತುವಾರಿ ಒಬ್ಬ ಜರ್ಮನ್ ಮೇಡಂ, ಇತಿಹಾಸದವರು, ಉದ್ದ ಕೈಕಾಲಿನ ಗಟ್ಟಿ ಹೆಂಗಸು. ಅವರ ದೇಶದ ಒಂದು ದೊಡ್ಡ ಇಗರ್ಜಿಯ ಗೋಡೆಗೆ ನಿಲ್ಲಿಸಿದ ಬಿಷಪ್ಪನ ಸಮಾಧಿಕಲ್ಲು ಪ್ರದರ್ಶನಕ್ಕೆ ಬೇಕಿತ್ತು. ಕಲ್ಲು ಅಲ್ಲಿಂದ ಅಲುಗುವ ಹಾಗಿಲ್ಲ. ಹಾಗಾಗಿ ಅದನ್ನು ಸ್ಕ್ಯಾನ್ ಮಾಡಿ ಕಳಿಸಿದರು. ನಾವು ತುಂಡು ತುಂಡಾಗಿ ಪ್ರಿಂಟ್ ತೆಗೆದು, ಜೋಡಿಸಿ, ಅಚ್ಚು ಮಾಡಿ, ಕಲ್ಲಿನ ಪುಡಿ ಸೇರಿಸಿದ ರಾಳದಲ್ಲಿ ಎರಕ ಹೊಯ್ಯಬೇಕು. ಸ್ಕ್ಯಾನಿನಲ್ಲಿ ಮುಖ ಮಸುಕಾಗಿತ್ತು. ಫೋಟೊಗಳನ್ನು ನೋಡಿ ಮೇಣದಲ್ಲಿ ಆ ಮುಖ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು.

ಎಂಟು ತಿಂಗಳು ಆ ಮನುಷ್ಯನ ಮುಖದ ಮುಂದೆ ಕೂತಿದ್ದೇನೆ. ನನ್ನ ಗಂಡನ ಮುಖವನ್ನು ಅಷ್ಟು ನೋಡಿಲ್ಲ. ಕಣ್ಣ ಕೆಳಗಿನ ಚೀಲ, ಬಿಗಿದ ಕೆಳತುಟಿ, ಗದ್ದದ ಮೇಲೆ ಕ್ಷೌರಿಕ ಬಿಟ್ಟಂಥ ಒಂದು ಗೀರು. ಕೆಳದವಡೆಯಲ್ಲಿ ಎಡಕ್ಕೆ ಎರಡು ಹಲ್ಲಿರಲಿಲ್ಲ ಎಂದು ಕೆನ್ನೆ ಒಳಹೋದ ರೀತಿಯಿಂದಲೇ ನನಗೆ ಗೊತ್ತಾಯಿತು. ಮೇಡಂಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಇಷ್ಟು ವರ್ಷ ಯಾವ ಪಂಡಿತನೂ ನೋಡದ್ದು, ಎಂದರು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ. ಅವನ ಬಗ್ಗೆ ಗೊತ್ತಾದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡತೊಡಗಿದೆ.

ಮೂಗು ಒಡೆದಿತ್ತು. ಯಾವುದೋ ಕಾಲದ ಗಲಾಟೆಯಲ್ಲಿ ಯಾರೋ ಸುತ್ತಿಗೆಯಲ್ಲಿ ಹೊಡೆದದ್ದು. ಅದನ್ನು ಹಾಗೇ ಬಿಡಬೇಕೆಂದು ಮೇಡಂ ಬರೆದಿದ್ದರು. ಸರ್‌ಗೆ ಅದು ತಲೆಗೆ ಹತ್ತಲಿಲ್ಲ.

"ಮೂಗಿಲ್ಲದ ಬಿಷಪ್ಪನನ್ನು ಯಾರು ನೋಡ್ತಾರೆ ಮಾರಾಯ್ತಿ? ಮುದ್ದೆ ಮೇಣ ಹಾಕಿ ತುಂಬು."

"ತುಂಬ್ಲಿಕ್ಕಿಲ್ಲ ಸರ್. ಅವರು ಹಾಗೇ ಬೇಕು ಅಂದಿದ್ದಾರೆ."

"ಅವರಿಗೇನು ಗೊತ್ತುಂಟು? ಫಿನಿಶಿಂಗ್ ಇಲ್ಲ ಅಂತ ತೌಕೆ ನನ್ನನ್ನು ಬೈಯ್ಯೋದು."

ತೌಕೆ ಎಂದರೆ ಧಣಿ. ನಮ್ಮ ಚೀನೀ ಮಾಲೀಕನನ್ನು ಎಲ್ಲರೂ ಹಾಗೆ ಕರೆಯುವುದು. ನಾನು ಮೂರು ದಿನ ಜಗಳವಾಡಿ, ಮೇಡಂ ಬರೆದ ಕಾಗದ ಅವರ ಮುಖದ ಮುಂದೆ ಹಿಡಿದು, ಆ ಮುರಿದ ಮೂಗನ್ನು ಉಳಿಸಿದೆ. ಈ ಜಗಳವನ್ನು ನೆನಪಿಟ್ಟುಕೊಳ್ಳಿ. ಸರ್ ತಪ್ಪು ಮಾಡದಂತೆ ನಾನು ಒಮ್ಮೆ ಅಡ್ಡ ನಿಂತಿದ್ದೆ.

ಇನ್ನು ಕಲ್ಲಿನ ಅಂಚು. ಸುತ್ತಲೂ ಲ್ಯಾಟಿನ್ ಅಕ್ಷರ ಕೊರೆದಿತ್ತು. ಒಂದು ಕಡೆ ಮಾತ್ರ, ಅಕ್ಷರಗಳ ನಡುವೆ, ಒಂದು ಗೇಣು ನುಣ್ಣಗೆ ಖಾಲಿ. ಸ್ಕ್ಯಾನ್ ಅಲ್ಲಿ ಕೈಕೊಟ್ಟಿದೆಯೋ ಏನೋ ಎಂದು ನಾನೂ ಮೊದಲು ಅಂದುಕೊಂಡೆ. ಸರ್ ಎರಡು ವಾರಕ್ಕೆ ಊರಿಗೆ ಹೋಗಿದ್ದಾಗ ಮೇಡಂ ಕೆಲಸ ನೋಡಲು ಬಂದರು. ಬೀದಿ ತುದಿಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ಚನಾಯ್ ತಿನ್ನುತ್ತ ಕೇಳಿದೆ. ಅವರು ಚಹಾದ ಗ್ಲಾಸು ಕೆಳಗಿಟ್ಟು ಹೇಳಿದ ಕಥೆ ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ.

ಈ ಬಿಷಪ್ ಸಣ್ಣ ಪಾಳೆಯಗಾರರ ಮನೆಯ ಮೂರನೆಯ ಮಗ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವನ ಮುಂಚೆ ಇದ್ದ ಮುದುಕ ಬಿಷಪ್ ಇವನನ್ನು ಹುಡುಕಿ ತಂದು, ಪಕ್ಕದಲ್ಲಿ ಕೂರಿಸಿಕೊಂಡು ಬೆಳೆಸಿದ. ಮುದುಕ ಇಗರ್ಜಿಯ ಹೊಸ ಬಾಗಿಲಮಂಟಪ ಕಟ್ಟಿಸಿ ಮುಗಿಸಿ ಕಣ್ಣು ಮುಚ್ಚಿದ. ಇವನು ಗಾದಿಗೆ ಬಂದ ಮೊದಲ ವರ್ಷವೇ ಮಂಟಪದ ಮೇಲಿದ್ದ ಮುದುಕನ ಹೆಸರನ್ನು ಉಳಿಯಲ್ಲಿ ಕೆತ್ತಿ ತೆಗೆಸಿ ತನ್ನ ಹೆಸರು ಹಾಕಿಸಿದ. ಉಳಿಯ ಗುರುತು ಈಗಲೂ ಕಾಣುತ್ತದಂತೆ. ಆಮೇಲೆ ಊರಿನವರ ಜೊತೆ ಜಗಳವಾಗಿ ಒಂದಿಡೀ ಬೇಸಗೆ ಊರಲ್ಲಿ ಗಂಟೆ ಬಾರಿಸಬಾರದು, ಸತ್ತವರಿಗೆ ಪ್ರಾರ್ಥನೆ ಹೇಳಬಾರದು ಎಂದು ಅಪ್ಪಣೆ ಮಾಡಿದ. ತಾಯಂದಿರು ಮಕ್ಕಳನ್ನು ಮಂತ್ರವಿಲ್ಲದೆ ಮಣ್ಣು ಮಾಡಿದರು. ಇಷ್ಟೆಲ್ಲ ಮಾಡಿದವನಿಗೆ ತನ್ನ ಸಾವಿನ ಬಗ್ಗೆ ಮಾತ್ರ ಬಹಳ ಕಾಳಜಿ. ಬದುಕಿದ್ದಾಗಲೇ ಒಳ್ಳೆಯ ಶಿಲ್ಪಿಯಿಂದ ತನ್ನ ಸಮಾಧಿಕಲ್ಲು ಕೆತ್ತಿಸಿದ. ಆ ಕಾಲದಲ್ಲಿ ಹಾಗೆ ಮಾಡುತ್ತಿದ್ದರು: ಎಲ್ಲ ಕೆತ್ತಿ, ಸತ್ತ ದಿನ, ವರ್ಷಕ್ಕೆಂದು ಜಾಗ ಬಿಡುವುದು, ಸತ್ತ ಮೇಲೆ ಇಗರ್ಜಿಯ ಪಾದ್ರಿಗಳು ಅದನ್ನು ತುಂಬಿಸುವುದು. ಪ್ರತಿ ವರ್ಷ ಆ ದಿನ ತನ್ನ ಆತ್ಮಕ್ಕೆ ಇಗರ್ಜಿಯಲ್ಲಿ ಪ್ರಾರ್ಥನೆಯ ಬಲಿಪೂಜೆ ಆಗಬೇಕೆಂದೂ ಅವನು ಬರೆಸಿಟ್ಟಿದ್ದ.

"ಆಮೇಲೆ?" ಎಂದು ನಾನು ಕೇಳಿದೆ.

"ಅವನು ಸತ್ತ," ಎಂದರು ಮೇಡಂ ಇಂಗ್ಲಿಷಿನಲ್ಲಿ. "ಪಾದ್ರಿಗಳೆಲ್ಲ ಆ ಮುದುಕನ ಶಿಷ್ಯರು. ಅವರು ಏನೂ ಮಾಡಲಿಲ್ಲ."

ಏನೂ ಮಾಡಲಿಲ್ಲ! ಬೈಯ್ಯಲಿಲ್ಲ, ಕಲ್ಲು ಒಡೆಯಲಿಲ್ಲ, ಹೆಸರು ಅಳಿಸಲಿಲ್ಲ. ಗೌರವದಿಂದ ಹೂತು, ಕಲ್ಲು ನಿಲ್ಲಿಸಿ, ಆ ಒಂದು ಗೇಣು ಜಾಗವನ್ನು ಹಾಗೇ ಬಿಟ್ಟರು. ಒಂದು ತಲೆಮಾರು ಕಳೆಯುವುದರೊಳಗೆ ಅವನಿಗೆ ಯಾವ ದಿನ ಪ್ರಾರ್ಥನೆ ಹೇಳಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಸತ್ತ ವರ್ಷ ಬೇರೆ ಊರಿನ ಕಡತದಿಂದ ಗೊತ್ತಾಗಿದೆ, ದಿನ ಇವತ್ತಿಗೂ ಇಲ್ಲ. ಇಡೀ ಪ್ರದರ್ಶನ ಇರುವುದೇ ಆ ಖಾಲಿ ಜಾಗಕ್ಕಾಗಿ, ಎಂದರು ಮೇಡಂ. ಜನರನ್ನು ಅದರ ಮುಂದೆ ನಿಲ್ಲಿಸಿಯೇ ಅವರು ಭಾಷಣ ಶುರು ಮಾಡುವುದು. ಸರ್ ಬಂದ ಕೂಡಲೇ ಮೊದಲು ಇದನ್ನೇ ಹೇಳಬೇಕು ಎಂದುಕೊಂಡೆ.

ಸರ್ ಬಂದದ್ದು ಒಂದು ಸೋಮವಾರ. ಊರಿನಿಂದ ನನಗೆಂದೇ ಹಲಸಿನ ಹಪ್ಪಳ ತಂದಿದ್ದರು. ಹಪ್ಪಳದ ಕಟ್ಟು ತೆಗೆದುಕೊಳ್ಳಲು ಅವರ ಮೇಜಿನ ಹತ್ತಿರ ಹೋದೆ. ಅಲ್ಲಿ, ಪ್ರದರ್ಶನದ ಗೋಡೆಗೆ ಹಾಕುವ ಬೋರ್ಡಿನ ನಮೂನೆ ಬಿದ್ದಿತ್ತು. ಬಿಷಪ್ಪನ ಮುಖದ ಪುನರ್ರಚನೆ ಮತ್ತು ಸಂಶೋಧನೆ, ಅದರ ಕೆಳಗೆ ಒಂದೇ ಹೆಸರು. ಸರ್ ಹೆಸರು. ಕೆನ್ನೆಯ ವಿಷಯ, ಇಲ್ಲದ ಎರಡು ಹಲ್ಲಿನ ವಿಷಯ, ಊರಿಗೆ ಹೋಗುವ ಮೊದಲು ಅವರು ಕೇಳಿ ಓದಿದ್ದ ನನ್ನ ನೋಟ್‌ಬುಕ್ಕಿನ ವಾಕ್ಯಗಳಲ್ಲೇ, "ನಾನು ಗಮನಿಸಿದೆ" ಎಂದು.

"ಸರ್, ಇದರಲ್ಲಿ ನನ್ನ ಹೆಸರಿಲ್ಲ."

ಅವರು ತಲೆ ಎತ್ತಲಿಲ್ಲ. "ಎಂಥ ಹೆಸರು ಮಾರಾಯ್ತಿ? ವರ್ಕ್‌ಶಾಪ್ ಅಂದ್ರೆ ಒಬ್ಬರ ಹೆಸರು ಹಾಕೋದು. ನಾಲ್ಕು ಜನರ ಹೆಸರು ಹಾಕಿದ್ರೆ ಮದುವೆ ಕಾಗದ ಆಗ್ತದೆ."

"ನಾಲ್ಕು ಜನ ಬೇಡ. ನನ್ನದು."

"ನಿನಗೆ ಕಲಿಸಿದ್ದು ಯಾರು?"

ಆಯಿತಲ್ಲ. ಮೈಯೆಲ್ಲ ಉರಿದುಹೋಯಿತು. ಬೋರ್ಡಿನಲ್ಲೊಂದು ಹೆಸರು, ಅಷ್ಟೇ ನಾನು ಕೇಳಿದ್ದು. ಸಂಬಳ ಕೇಳಲಿಲ್ಲ, ಕುರ್ಚಿ ಕೇಳಲಿಲ್ಲ. ಕೆಲಸ ಕಲಿತಂದಿನಿಂದ ಬೇರೆಯವರ ಬಾಯಲ್ಲಿ ಕೂರುವ ಹಲ್ಲು ಮಾಡಿದವಳು ನಾನು; ಯಾರ ನಗುವಿನ ಹಿಂದೆಯೂ ನನ್ನ ಹೆಸರಿಲ್ಲ. ಈ ಒಂದು ಮುಖಕ್ಕೆ ಇರಲಿ ಎಂದು ಆಸೆಪಟ್ಟೆ. ಹಪ್ಪಳದ ಕಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಮನೆಗೆ ಹೋಗಿ ಗಂಡನ ಮುಂದೆ ಕಿರುಚಾಡಿದೆ. ಅವರು "ಬಿಡು ಮಾರಾಯ್ತಿ, ಊರವರಲ್ವಾ" ಎಂದರು. ಊರವರೆಂದೇ ಬಿಡುವುದಿಲ್ಲ ಎಂದು ನಾನು ಬಾಗಿಲು ಹಾಕಿಕೊಂಡೆ. ಬೇರೆಯವರು ಮಾಡಿದ್ದರೆ ಅರ್ಧ ಕ್ಷಮಿಸುತ್ತಿದ್ದೆ.

ಮರುದಿನ ಸರ್ ಕಲ್ಲಿನ ಅಂಚಿನ ಬಳಿ ನಿಂತು ಕೂಗಿದರು. "ಏ, ಬಾ ಇಲ್ಲಿ. ಈ ಖಾಲಿ ಏನು? ಸ್ಕ್ಯಾನ್ ಸರಿ ಬರಲಿಲ್ವಾ?"

ನಾಲಗೆಯ ತುದಿಗೆ ಬಂದಿತ್ತು ಇಡೀ ಕಥೆ. ಪಾದ್ರಿಗಳು, ಮುದುಕ, ಗಂಟೆ ಬಾರಿಸದ ಬೇಸಗೆ, ಎಲ್ಲ. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಕೈಯನ್ನು ಏಪ್ರನ್ನಿಗೆ ನಿಧಾನಕ್ಕೆ ಒರೆಸಿಕೊಂಡೆ.

"ನಂಗೆ ಎಂಥ ಗೊತ್ತು ಸರ್? ರಿಸರ್ಚ್ ನಿಮ್ಮದಲ್ವಾ?"

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮೇಡಂಗೆ ಫೋನ್ ಮಾಡಿ ಕೇಳಲು ಅವರಿಗೆ ಎಷ್ಟು ಹೊತ್ತು ಬೇಕಿತ್ತು? ಆದರೆ ಸಂಶೋಧನೆ ತನ್ನದು ಎಂದು ಬರೆಸಿಕೊಂಡವನು ಹೇಗೆ ಕೇಳುವುದು? ಇಂಟರ್ನೆಟ್ಟಿನಲ್ಲಿ ಹುಡುಕಿದರು, ಬಿಷಪ್ ಸತ್ತ ವರ್ಷ ಸಿಕ್ಕಿತು. ಎರಡು ದಿನ ತಾವೇ ಕೂತು, ಆ ವರ್ಷವನ್ನು ಉಳಿದ ಅಕ್ಷರಗಳ ಹಾಗೆಯೇ ಮೇಣದಲ್ಲಿ ಮಾಡಿ, ಆ ಒಂದು ಗೇಣು ಜಾಗವನ್ನು ತುಂಬಿದರು. ಬಾಯೊಳಗೆ ಸಂದು ಕಂಡ ಹಲ್ಲಿನವನು ಸುಮ್ಮನಿರುತ್ತಾನೆಯೇ? ಕೆಲಸ ಎಷ್ಟು ಚೆಂದ ಇತ್ತೆಂದರೆ ಹಳತು ಯಾವುದು, ಹೊಸತು ಯಾವುದು ಎಂದು ನನಗೇ ತಿಳಿಯುವಂತಿರಲಿಲ್ಲ. ಅವರ ಕೈ ನಿಜಕ್ಕೂ ಒಳ್ಳೆಯದು. ಅದನ್ನು ನೋಡಿ ನಾನು ಒಂದು ಮಾತೂ ಆಡದೆ ನನ್ನ ಜಾಗಕ್ಕೆ ಹೋಗಿ ಕೂತೆ.

ಪ್ರದರ್ಶನ ಶುರುವಾಗುವ ಬೆಳಿಗ್ಗೆ ಮೇಡಂ ಮೊದಲ ಸಲ ಕಲ್ಲನ್ನು ನಿಲ್ಲಿಸಿದ ಜಾಗದಲ್ಲಿ ನೋಡಿದರು. ಸರ್ ಸೂಟು ಹಾಕಿ ಬಂದಿದ್ದರು, ತೌಕೆ ಪಕ್ಕದಲ್ಲಿ. ಮೇಡಂ ಮುಖವನ್ನು ನೋಡಿ ಎರಡೂ ಕೈ ಎದೆಗಿಟ್ಟುಕೊಂಡರು. ಆಮೇಲೆ ಅಂಚಿನ ಹತ್ತಿರ ಬಗ್ಗಿದರು. ಬೆರಳು ಅಕ್ಷರಗಳ ಮೇಲೆ ಹೋಗುತ್ತಾ ಹೋಗುತ್ತಾ ಒಂದು ಕಡೆ ನಿಂತಿತು.

"ಇದನ್ನು ಯಾರು ಮಾಡಿದ್ದು?"

"ನಾನೇ," ಎಂದರು ಸರ್, ಹಲ್ಲೆಲ್ಲ ಕಾಣುವ ಹಾಗೆ ನಕ್ಕು. "ಗ್ಯಾಪ್ ಇತ್ತು, ಕಂಪ್ಲೀಟ್ ಮಾಡಿದೆ."

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಒಂದು ಕುರ್ಚಿ ಎಳೆದುಕೊಂಡು ಕೂತು, ಆ ಜಾಗ ಯಾಕೆ ಖಾಲಿ ಇತ್ತೆಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ತೌಕೆಗೆ ವಿವರಿಸಿದರು. ಆರು ನೂರು ವರ್ಷ ಯಾರೂ ಮುಟ್ಟದ್ದನ್ನು ಪೆಟಾಲಿಂಗ್ ಜಯಾದಲ್ಲಿ ಎರಡು ದಿನದಲ್ಲಿ ತುಂಬಿದ್ದೀರಿ, ಎಂದರು. ಸರ್ ಮುಖದ ನಗು ಹೋಗಲು ಸ್ವಲ್ಪ ಸಮಯ ಹಿಡಿಯಿತು; ಎಲ್ಲಿ ಇಡಬೇಕೆಂದು ತಿಳಿಯದೆ ಅದು ಅಲ್ಲೇ ಇತ್ತು. ಮೇಡಂ ಒಮ್ಮೆ ನನ್ನ ಕಡೆ ತಿರುಗಿದರು, ನಿನಗೆ ಹೇಳಿದ್ದೆನಲ್ಲ ಎನ್ನುವ ಹಾಗೆ. ನಾನು ಗೋಡೆಯ ಬೋರ್ಡನ್ನು ನೋಡಿದೆ. ಅವರೂ ನೋಡಿದರು. ಅಲ್ಲಿ ನನ್ನ ಹೆಸರಿಲ್ಲ. ನನ್ನ ಮಾತನ್ನು ಯಾರೂ ಕೇಳಲಿಲ್ಲವೇನೋ ಎಂದುಕೊಂಡು ಅವರು ನನ್ನ ಹೆಗಲು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಕಲ್ಲಿಗೆ ಬಟ್ಟೆ ಮುಚ್ಚಿ ಪ್ರದರ್ಶನ ಶುರುವಾಯಿತು. ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎಲ್‌ಆರ್‌ಟಿ ರೈಲಿನಲ್ಲಿ ಮನೆಗೆ ಬರುವಾಗ, ಬಾಂಗ್ಸಾರ್ ದಾಟುವವರೆಗೂ, ಎದುರಿನ ಕಿಟಕಿ ಗಾಜಿನಲ್ಲಿ ನನ್ನ ಮುಖ ನಗುತ್ತಿತ್ತು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಹತ್ತುವ ಮೊದಲು ಕೊಂಡ ಮಲ್ಲಿಗೆ ಮುಡಿಯಲ್ಲಿತ್ತು. ಬಿರಿಯಾನಿ ತಾಪೌ, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು ಗಂಡನಿಗೆ ಬಡಿಸಿದೆ. ಯಾಕೆ ಎಂದು ಕೇಳಿದರು. ಅಡುಗೆ ಮಾಡಲು ಬೇಸರ ಎಂದೆ.

ತೌಕೆಯ ಲೆಕ್ಕದಲ್ಲಿ ಮರ್ಯಾದೆ ಹೋದದ್ದು ದೊಡ್ಡದು. ತಿಂಗಳೊಳಗೆ ಸರ್‌ಗೆ "ರೆಸ್ಟ್ ತಗೊಳ್ಳಿ ಲಾ" ಎಂದು ಇಲ್ಲಿಯ ಧಾಟಿಯಲ್ಲಿ ನಗುತ್ತಲೇ ಹೇಳಿ ಕಳಿಸಿದ. ಅವರ ಮೇಜು ನನಗೆ ಬಂತು. ಮೇಣವನ್ನು ನಾನೇ ಸ್ವಲ್ಪ ಕೆರೆದು, ತುಂಬಿದ ಜಾಗವನ್ನು ಖಾಲಿ ಮಾಡಿ, ಹೊಸ ಎರಕ ಹೊಯ್ದು ಕೊಟ್ಟೆ. ಹೊಸ ಬೋರ್ಡು ಮಾಡಿಸುವಷ್ಟರಲ್ಲಿ ಪ್ರದರ್ಶನ ಮುಗಿಯುತ್ತ ಬಂದಿತ್ತು. ಹಳೆಯದರ ಮೇಲೆ ಕಾಗದ ಅಂಟಿಸಿದರು, ಖಾಲಿ ಕಾಗದ. ನನ್ನ ಹೆಸರು ಅಲ್ಲೂ ಬರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರೇ ಕೆಲಸ ಬಿಟ್ಟು ಹೋಗಲಿ, ಅವರ ಬಲಗೈಯ ಅಚ್ಚು ತೆಗೆದು, ಕಲ್ಲುಪುಡಿಯ ಫಲಕ ಮಾಡಿ ಕೊಡುತ್ತೇವೆ. ಕೆಳಗೆ ಹೆಸರು, ಸೇರಿದ ವರ್ಷ, ಒಂದು ಗೆರೆ, ಬಿಟ್ಟ ವರ್ಷ. ಹೋಗುವವರಿಂದ ಕೆಲಸ ಕಲಿತವರೇ ಅದನ್ನು ಮಾಡಬೇಕು. ಹೀಗೆ ಸರ್ ಕೈ ನನ್ನ ಪಾಲಿಗೆ ಬಂತು.

ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಪುಡಿಯನ್ನೇ ನೀರಲ್ಲಿ ಕಲಸಿ ಟಬ್ಬಿಗೆ ಹಾಕಿದೆ. ಸರ್ ಕೈ ಇಳಿಸಿದರು. ಗಟ್ಟಿಯಾಗುವವರೆಗೆ ಅಲುಗಬಾರದು, ಅಲುಗದಂತೆ ಮುಂಗೈ ಹಿಡಿದುಕೊಳ್ಳಬೇಕು. ಹಿಡಿದುಕೊಂಡೆ. ಅವರ ನಾಡಿ ನನ್ನ ಬೆರಳಿಗೆ ತಾಗುತ್ತಿತ್ತು.

"ತಣ್ಣಗುಂಟು," ಎಂದರು.

"ಸ್ವಲ್ಪ ಹೊತ್ತು ಸರ್."

"ನಿನಗೆ ಮೊದಲ ದಿನ ನೀರು ಜಾಸ್ತಿ ಆಗಿತ್ತು. ನೆನಪುಂಟಾ?"

ನೆನಪಿತ್ತು. ಇಲ್ಲ ಎಂದೆ.

ಫಲಕದಲ್ಲಿ ಹೆಸರು ಕೊರೆದೆ, ಸೇರಿದ ವರ್ಷ ಕೊರೆದೆ, ಗೆರೆ ಎಳೆದೆ. ಆಮೇಲೆ ಉಳಿ ಕೆಳಗಿಟ್ಟೆ. ಗೆರೆಯ ಮುಂದಿನ ಜಾಗವನ್ನು ನುಣ್ಣಗೆ ಉಜ್ಜಿ ಹಾಗೇ ಬಿಟ್ಟೆ. ಆ ಪಾದ್ರಿಗಳು ಬಿಟ್ಟ ಹಾಗೆ. ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ ಕೊಟ್ಟಾಗ ಅವರು ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದರು. ಒಮ್ಮೆ ನನ್ನನ್ನು ನೋಡಿದರು. ತಟ್ಟಿತು, ಎಂದು ನಾನು ಒಳಗೊಳಗೇ ಕುಣಿದೆ.

ತಟ್ಟಿರಲಿಲ್ಲ. ಮೂರು ವಾರ ಕಳೆದು ಅವರ ಹೆಂಡತಿ ಫೋನ್ ಮಾಡಿದರು. ನಾನು ಅಕ್ಕ ಎಂದು ಕರೆಯುವವರು. ಹೊಸತರಲ್ಲಿ ನನಗೆ ಇಲ್ಲಿಯ ಬಸ್ಸು, ಮಾರುಕಟ್ಟೆ, ತಮಿಳು ಅಂಗಡಿಯ ತೆಂಗಿನಕಾಯಿ ಎಲ್ಲ ತೋರಿಸಿಕೊಟ್ಟವರು. ಭಾನುವಾರ ಊಟಕ್ಕೆ ಬಾ, ಕೋರಿ ರೊಟ್ಟಿ ಮಾಡ್ತೇನೆ, ಎಂದರು. ಹೋದೆ. ಫಲಕ ಬಾಗಿಲಿನ ಎದುರಿಗೇ ನೇತಾಡುತ್ತಿತ್ತು. ಯಾರೋ ಪರಿಚಯದವರು ಕೂತಿದ್ದರು. ಸರ್ ಅವರಿಗೆ ತೋರಿಸುತ್ತಿದ್ದರು.

"ನೋಡಿ, ಬಿಟ್ಟ ವರ್ಷ ಹಾಕಲೇ ಇಲ್ಲ ಇವಳು. ಸರ್ ಹೋದರು ಅಂತ ಬರೀಲಿಕ್ಕೆ ಕೈ ಬರಲಿಲ್ಲ ಪಾಪ. ನಾನು ಕಲಿಸಿದವರಲ್ಲಿ ಇವಳೊಬ್ಬಳಿಗೇ ಕರುಳುಂಟು."

ನನ್ನ ಸೇಡು! ಎಂಟು ತಿಂಗಳ ಕೆಲಸಕ್ಕೆ ಪ್ರತಿಯಾಗಿ ನಾನು ಉಜ್ಜಿ ಉಜ್ಜಿ ಮಾಡಿದ ಸೇಡು! ಅದನ್ನು ಈ ಮನುಷ್ಯ ಪ್ರೀತಿ ಎಂದು ಗೋಡೆಗೆ ಹಾಕಿಕೊಂಡು ಕೂತಿದ್ದಾರೆ. ನನ್ನ ಕೆಲಸ ಕಿತ್ತುಕೊಂಡದ್ದು ಸಾಲದೆ ನನ್ನ ಸಿಟ್ಟನ್ನೂ ಕಿತ್ತುಕೊಂಡು ತಮ್ಮ ಹೆಸರಿಗೆ ಮಾಡಿಕೊಂಡರಲ್ಲ ಎನಿಸಿತು. ಪರಿಚಯದವರು ಎದ್ದು ಹೋಗುವವರೆಗೆ ಹಲ್ಲು ಕಚ್ಚಿ ಕೂತೆ.

ಊಟಕ್ಕೆ ಕೂತಾಗ ಹೇಳಿದೆ. ಮೇಡಂ ತೌಕೆಗೆ ಹೇಳಿದ್ದ ಬಿಷಪ್ಪನ ಕಥೆಯನ್ನೇ ಮತ್ತೆ ಮೊದಲಿನಿಂದ ಕೊನೆಯವರೆಗೆ, ಮುದುಕನ ಹೆಸರು ಕೆತ್ತಿ ತೆಗೆಸಿದ್ದು, ಪಾದ್ರಿಗಳು ಸುಮ್ಮನಿದ್ದದ್ದು. ಅದು ನನಗೆ ಮೊದಲೇ ಗೊತ್ತಿತ್ತು, ನೀವು ಅಂಚಿನ ಬಳಿ ನಿಂತು ಕೇಳಿದಾಗ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ ಎಂದೆ. ಗೋಡೆಯ ಮೇಲಿನ ಖಾಲಿ ಜಾಗ ಕರುಳಿನಿಂದ ಬಂದದ್ದಲ್ಲ ಎಂದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದರು.

ಸರ್ ಬಹಳ ಹೊತ್ತು ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಇದ್ದರು. ಚೂರು ಚೂರಾಗುವವರೆಗೆ ಮುರಿದರು.

"ಖಾಲಿ ಬಿಟ್ರೆ ಪಕ್ಕದ್ದು ವಾಲ್ತದೆ ಅಂತ ಕಲಿಸಿದ್ದೆ ನಿನಗೆ," ಎಂದರು ಕೊನೆಗೆ. ಅಕ್ಕನ ಕಡೆ ತಿರುಗಿ, "ಇವಳಿಗೆ ಸಾರು ಹಾಕು," ಎಂದರು. ನಾನು ಕೈ ತೊಳೆದು ಹೊರಟೆ. ಮನೆಗೆ ಬರುವಾಗ ಆ ದಿನದ ಹಾಗೆ ನಗು ಬರಲಿಲ್ಲ, ಆದರೆ ಎದೆಯಿಂದ ಒಂದು ಹೊರೆ ಇಳಿದಿತ್ತು. ಪಶ್ಚಾತ್ತಾಪವೇ? ಇಲ್ಲಪ್ಪ. ಹೇಳಬೇಕಾದ್ದನ್ನು ಮುಖಕ್ಕೆ ಹೇಳಿದ್ದೆ.

ಆಮೇಲೆ ಅವರ ಸುದ್ದಿಯಿಲ್ಲ. ಚೌತಿಗೆ ನಾಲ್ಕು ದಿನ ಇರುವಾಗ ಅಕ್ಕ ಫೋನ್ ಮಾಡಿ, "ಹಬ್ಬದೂಟಕ್ಕೆ ಬಾ, ಅವರೇ ಕರೀಲಿಕ್ಕೆ ಹೇಳಿದ್ದು," ಎಂದರು. ಹೋಗಬಾರದು ಎಂದುಕೊಂಡು, ಸೀರೆ ಉಟ್ಟುಕೊಂಡು ಗಂಡನ ಜೊತೆ ಹೋದೆ. ಮಣಿಪಾಲದಿಂದ ಹೊಸದಾಗಿ ಬಂದ ಒಬ್ಬ ಡಾಕ್ಟರು, ಅವರ ಹೆಂಡತಿ ಕೂಡ ಬಂದಿದ್ದರು. ಎಲ್ಲರಿಗೂ ನೆಲದ ಮೇಲೆ ಬಾಳೆಲೆ ಹಾಕಿ ಕೂರಿಸಿದರು. ಸರ್ ಸೊರಗಿದ್ದರು, ಮಾತಿಗೆ ತಲೆಯಾಡಿಸುತ್ತಿದ್ದರು, ಅಷ್ಟೆ.

ಫಲಕ ಅಲ್ಲೇ ಇತ್ತು. ಕಿತ್ತು ಬಿಸಾಡಿರಬಹುದು ಎಂದುಕೊಂಡಿದ್ದೆ. ಕೂತಲ್ಲಿಂದ ನನಗೆ ಅಕ್ಷರ ಕಾಣುತ್ತಿರಲಿಲ್ಲ. ಆ ಡಾಕ್ಟರ ಹೆಂಡತಿ ಎದ್ದು ಹತ್ತಿರ ಹೋಗಿ, ಕೈಯ ಅಚ್ಚು ಎಷ್ಟು ಚೆಂದ ಉಂಟು ಎನ್ನುತ್ತ, ಕೆಳಗಿನದನ್ನು ಗಟ್ಟಿಯಾಗಿ ಓದಿದರು. ಸರ್ ಹೆಸರು. ಸೇರಿದ ವರ್ಷ. ಗೆರೆ. ಆಮೇಲೆ ವರ್ಷ ಇರಬೇಕಾದಲ್ಲಿ ಇನ್ನೊಂದು ಹೆಸರು. ನನ್ನ ಹೆಸರು.

ನಾನು ಎದ್ದು ಹೋಗಿ ನೋಡಿದೆ. ಕೊರೆದದ್ದು ಅವರೇ, ಬಿಷಪ್ಪನ ವರ್ಷಕ್ಕೆ ಮಾಡಿದ್ದ ಅದೇ ಅಕ್ಷರ, ಅದೇ ಅಂತರ. ಕೊನೆಯದೊಂದು ಅಕ್ಷರ ಮಾತ್ರ ಒಂದು ಕೂದಲಿನಷ್ಟು ವಾಲಿತ್ತು. ಮೊದಲಾದರೆ ಅಂಥದ್ದನ್ನು ಅವರು ಒಡೆದು ಹಾಕುತ್ತಿದ್ದರು.

"ಇದು ಯಾರ ಹೆಸರು ಸರ್?" ಎಂದು ಆಕೆ ಕೇಳಿದರು.

ಸರ್ ಗದ್ದ ಎತ್ತಿ ನನ್ನನ್ನು ತೋರಿಸಿದರು. "ಅಲ್ಲಿ ನಿಂತಿದ್ದಾಳಲ್ಲ, ಇವಳದ್ದೇ. ಹೆಸರು ಬೇಕು ಅಂತ ಕೇಳಿದ್ದಳು." ನನ್ನನ್ನೇ ನೋಡುತ್ತ ಹೇಳಿದರು: "ಇವಳ ತನಕ ನಾನಿದ್ದೆ."

"ಓ, ಶಿಷ್ಯೆ ಅಂದ್ರೆ ಹೀಗಿರಬೇಕು," ಎಂದು ಆಕೆ ನನ್ನ ಕೈ ಕುಲುಕಿದರು.

ನಾನು ಬಂದು ನನ್ನ ಎಲೆಯ ಮುಂದೆ ಕೂತೆ. ಅಕ್ಕ ಪಾಯಸ ತಂದರು, ಒಂದು ಸೌಟು ಹಾಕಿದರು, ಇನ್ನೊಂದು ಹಾಕಿದರು. ಸಾಕು ಎಂದು ಕೈ ಅಡ್ಡ ಹಿಡಿಯದೆ, ಹಾಕಿದ್ದನ್ನೆಲ್ಲ ಉಂಡೆ.